ಫೇಲಾದ ಮಗುವಿನ ತಾಯಿಗೆ ಒಂದೆರಡು ಮಾತು

ಸೋದರಿಯರೇ, 2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂತಲ್ಲ, ಅದರಲ್ಲಿ ನಮ್ಮ ಕಲಬುರಗಿ ಜಿಲ್ಲೆಗೆ ಸಿಕ್ಕಿದ್ದು ಶೇಕಡಾ 42.43. ಇಡೀ ರಾಜ್ಯಕ್ಕೇ ಕಡೆಯ ಸ್ಥಾನ. ಅಂದರೆ ಪಾಸಾದವರಿಗಿಂತ ಫೇಲಾದ ಮಕ್ಕಳೇ ಹೆಚ್ಚು. ಇಲ್ಲಿ ಬ್ರಹ್ಮಪುರದಲ್ಲಾಗಲಿ, ನಿಮ್ಮ ಊರಿನಲ್ಲಾಗಲಿ, ಅಂಥ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಯಾವುದು ಹೇಳಿ? "ಮಂದಿ ಏನಂತಾರ?"

ಆಮೇಲಿನದು ಗೊತ್ತೇ ಇದೆ. ಹುಡುಗನಾದರೆ ಗ್ಯಾರೇಜಿಗೆ ಹಾಕುವ ಮಾತು. ಹುಡುಗಿಯಾದರೆ, "ಓದಿದ್ದು ಸಾಕು, ಒಂದು ವರ ನೋಡ್ರಿ." ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ!

ಅದೇ ದಿನಗಳಲ್ಲಿ ಬಾಗಲಕೋಟೆಯ ಸುದ್ದಿಯೊಂದನ್ನು ನೀವೂ ಓದಿರಬಹುದು. ಹುಡುಗ ಆರಕ್ಕೆ ಆರೂ ವಿಷಯದಲ್ಲಿ ಫೇಲು, 625ಕ್ಕೆ 200 ಅಂಕ. ಮನೆಯವರು ಅವನಿಂದ ಕೇಕ್ ಕತ್ತರಿಸಿ ಧೈರ್ಯ ಹೇಳಿದರು. ಕೇಕು ನನಗೆ ಸ್ವಲ್ಪ ಅತಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಮನೆಯಲ್ಲಿ ತನ್ನ ಜಾಗ ತನಗಿದೆ ಎಂದು ಆ ಹುಡುಗನಿಗೆ ಖಾತ್ರಿಯಾಯಿತಲ್ಲ, ಅದು ಸಣ್ಣ ಮಾತಲ್ಲ.

ಬರೀ ಸಮಾಧಾನದಿಂದ ಮಾತ್ರ ಮುಂದಿನ ಸಲ ಪಾಸಾಗುವುದಿಲ್ಲ. ಜೋಳದ ರೊಟ್ಟಿ ತಟ್ಟುವಾಗ ಅಂಚು ಬಿರಿದರೆ ನಾವೇನು ಮಾಡುತ್ತೇವೆ? ಎಸರು ಸರಿಯಾಗಿ ಕುದಿಯಿತೋ ಇಲ್ಲವೋ, ಹಿಟ್ಟು ಹಳೆಯದಾಗಿ ಜಿಗಿ ಹೋಯಿತೋ, ನಾದಿದ್ದು ಕಡಿಮೆಯಾಯಿತೋ ಎಂದು ನೋಡುತ್ತೇವೆ. ಹಿಟ್ಟಿನ ಡಬ್ಬಿಯನ್ನೇ ಬೀದಿಗೆ ಎಸೆಯುವುದಿಲ್ಲ. ಮಗುವಿನ ಉತ್ತರಪತ್ರಿಕೆಯನ್ನೂ ಹಾಗೇ ನೋಡಬೇಕು. ಶುಲ್ಕ ಕಟ್ಟಿದರೆ ಪರೀಕ್ಷಾ ಮಂಡಳಿಯಿಂದ ಅದರ ಪ್ರತಿ ಸಿಗುತ್ತದೆ. ಅರ್ಜಿಗೆ ಕೆಲವೇ ದಿನ ಅವಕಾಶ, ಅಳುತ್ತಾ ಕೂತರೆ ಅದೂ ಕಳೆದುಹೋಗುತ್ತದೆ.

ನಮಗೆ ಆ ಗಣಿತ, ವಿಜ್ಞಾನ ತಿಳಿಯದಿದ್ದರೂ ಚಿಂತೆಯಿಲ್ಲ. ಹಾಳೆ ಖಾಲಿ ಬಿಟ್ಟಿದ್ದಾನೋ, ತಪ್ಪು ಬರೆದಿದ್ದಾನೋ ಎಂಬುದು ಯಾರಿಗಾದರೂ ಕಾಣುತ್ತದೆ. ಕಡೆಯ ಪುಟಗಳಷ್ಟೇ ಖಾಲಿ ಇದ್ದರೆ ಸಮಯ ಸಾಲಲಿಲ್ಲ ಎಂದು ತಿಳಿಯಬಹುದು. ಅದಕ್ಕೆ ಗಡಿಯಾರ ಇಟ್ಟುಕೊಂಡು ಬರೆಸಬೇಕು. ಲೆಕ್ಕದ ಹಂತಗಳು ಸರಿಯಿದ್ದು ಉತ್ತರ ಮಾತ್ರ ತಪ್ಪಿದ್ದರೆ ಮಗ್ಗಿ, ಕೂಡುವುದು ಕಳೆಯುವುದರಲ್ಲಿ ಎಡವಟ್ಟು. ಪ್ರಶ್ನೆಯೇ ಅರ್ಥವಾಗಿಲ್ಲ ಎಂದರೆ ಮೊದಲು ಓದುವುದನ್ನೇ ಕಲಿಸಬೇಕು. ಯಾವುದೆಂದು ಗೊತ್ತಾಗದೆ ಟ್ಯೂಷನ್ನಿಗೆ ದುಡ್ಡು ಸುರಿದು ಫಲವೇನು?

2024ರಿಂದ 'ಪೂರಕ ಪರೀಕ್ಷೆ' ಎಂಬ ಹೆಸರು ಹೋಗಿ ಪರೀಕ್ಷೆ-2 ಎಂದಾಗಿದೆ. ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ. 2025ರಲ್ಲಿ ಅದು ಶುರುವಾದದ್ದು ಮೇ 26ಕ್ಕೆ, ಅಂದರೆ ಫಲಿತಾಂಶ ಬಂದ ಇಪ್ಪತ್ತನಾಲ್ಕನೆಯ ದಿನಕ್ಕೆ. ನಮ್ಮಲ್ಲಿ ಮೇ ಅಂದರೆ ಮದುವೆಗಳ ಕಾಲ. ನೆಂಟರ ಮನೆ, ಸೀರೆ, ಅಡುಗೆ ಎಂದು ಹುಡುಗಿಯನ್ನು ಊರೂರು ತಿರುಗಿಸಿದರೆ ಆ ದಿನಗಳು ಎಲ್ಲಿ ಉಳಿದಾವು? ಮಗನಿಗೆ ಪುಸ್ತಕ ಕೊಟ್ಟು ಮಗಳಿಗೆ ಕಸಬರಿಗೆ ಕೊಡುವ ಮನೆಗಳು ಇನ್ನೂ ಇವೆ ನೋಡ್ರಿ. ಅಷ್ಟು ದಿನ ಪಾತ್ರೆ ನೀವು ತಿಕ್ಕಿ, ಇಲ್ಲವೇ ಮಗನ ಕೈಲಿ ತಿಕ್ಕಿಸಿ.

ನಮ್ಮ ಕಡೆ ಬಿಸಿಲಿಗೆ ಮಧ್ಯಾಹ್ನ ಓದು ತಲೆಗೆ ಹತ್ತುವುದಿಲ್ಲ. ಬೆಳಗಿನ ಐದರಿಂದ ಒಂಬತ್ತು ಒಳ್ಳೆಯ ಹೊತ್ತು. ಪರೀಕ್ಷೆ-2ಕ್ಕೆ ಹೆಸರು ಹಚ್ಚುವುದು ಮಗು ಓದಿದ ಶಾಲೆಯಲ್ಲೇ. ಹೆಡ್‌ಮಾಸ್ತರರ ಬಳಿ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ. ಉತ್ತರಪತ್ರಿಕೆಯ ಪ್ರತಿ ಬಂದಿದ್ದರೆ ಅದೂ ಕೈಯಲ್ಲಿರಲಿ, ಆಯಾ ವಿಷಯದ ಮಾಸ್ತರರಿಗೆ ತೋರಿಸಬಹುದು.