ಬಟ್ಟೆಯ ಗಂಜಿಯೂ ಬ್ಯಾಕ್ಟೀರಿಯಾದ ಕಿಣ್ವವೂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ವಿಜ್ಞಾನ ವಿಷಯಕವಾದ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದರು. ಬೊಮ್ಮನಹಾಳಿನ ಸುತ್ತಮುತ್ತ ಅನೇಕ ಮನೆಗಳಿಗೆ ಅನ್ನ ನೀಡುತ್ತಿರುವ ಉದ್ಯೋಗವೊಂದರಲ್ಲಿ ಅಡಗಿರುವ ವಿಜ್ಞಾನವನ್ನೇ ನಾನು ಆರಿಸಿಕೊಂಡಿದ್ದೇನೆ. ರಾಯದುರ್ಗ, ಬಳ್ಳಾರಿಗಳು ಜೀನ್ಸ್ ಹೊಲಿಗೆಗೆ ಹೆಸರಾದ ಊರುಗಳು. ಹೊಲಿದ ಉಡುಪು ಅಂಗಡಿಗೆ ಹೋಗುವ ಮುನ್ನ ತೊಳೆಯುವ ಘಟಕಕ್ಕೆ ಹೋಗುತ್ತದೆ. ಅಲ್ಲಿ ಮೊದಲು ನಡೆಯುವ ಕೆಲಸ ಗಂಜಿ ತೆಗೆಯುವುದು.

ಮಗ್ಗದಲ್ಲಿ ಹಾಸಿನ ನೂಲು ಎಳೆತಕ್ಕೂ ಉಜ್ಜಾಟಕ್ಕೂ ಸಿಕ್ಕಿ ಹರಿಯದಿರಲೆಂದು ಅದಕ್ಕೆ ಗಂಜಿ ಉಣಿಸುವರು. ನಮ್ಮ ನೇಕಾರರು ತಲೆತಲಾಂತರದಿಂದ ಬಲ್ಲ ಈ ಕೆಲಸವನ್ನೇ ಗಿರಣಿಗಳೂ ಮಾಡುತ್ತವೆ. ನೇಯ್ಗೆ ಮುಗಿದೊಡನೆ ಆ ಗಂಜಿಯೇ ಅಡ್ಡಿ. ಬಟ್ಟೆ ತಗಡಿನಂತೆ ಬಿರುಸಾಗಿ, ನೀರನ್ನು ಸರಾಗವಾಗಿ ಒಳಗೆ ಬಿಡುವುದಿಲ್ಲ.

ಗಂಜಿಯೆಂದರೆ ಪಿಷ್ಟ. ಸಾವಿರಾರು ಗ್ಲೂಕೋಸ್ ಕಣಗಳು ಒಂದಕ್ಕೊಂದು ಕೊಂಡಿಗೂಡಿದ ಸರಪಳಿಯದು. ನೇರವಾದುದಕ್ಕೆ ಅಮೈಲೋಸ್ ಎಂದೂ, ಮರದ ಕೊಂಬೆಗಳಂತೆ ಕವಲೊಡೆದುದಕ್ಕೆ ಅಮೈಲೋಪೆಕ್ಟಿನ್ ಎಂದೂ ಹೆಸರು. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಕುಲದ ಅನೇಕ ಬ್ಯಾಕ್ಟೀರಿಯಾಗಳಿಗೆ ಪಿಷ್ಟವು ಒಳ್ಳೆಯ ಆಹಾರ. ಆದರೆ ಅಷ್ಟು ದೊಡ್ಡ ಕಣವನ್ನು ನುಂಗಲು ಅವಕ್ಕೆ ಬಾಯಿಯೆಲ್ಲಿ? ಆದುದರಿಂದ ಆಲ್ಫಾ ಅಮೈಲೇಸ್ ಎಂಬ ಕಿಣ್ವವನ್ನು ಮೈಯ ಹೊರಕ್ಕೆ ಸ್ರವಿಸುತ್ತವೆ. ಅಡುಗೆ ಹೊರಗೆ, ಊಟ ಒಳಗೆ! ಈ ಕಿಣ್ವವು ಸರಪಳಿಯನ್ನು ತುದಿಯಿಂದ ಒಂದೊಂದಾಗಿ ಬಿಡಿಸುತ್ತ ಕೂರುವುದಿಲ್ಲ. ನಡುನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಪ್ರತಿ ಕಡಿತಕ್ಕೂ ನೀರಿನ ಒಂದು ಕಣ ವ್ಯಯವಾಗುತ್ತದೆ. ಹೀಗಾಗಿ ಅಂಟು ಬೇಗನೆ ತೆಳುವಾಗಿ, ಮೊದಲು ಡೆಕ್ಸ್‌ಟ್ರಿನ್ ಎಂಬ ತುಂಡುಗಳೂ ಅನಂತರ ಮಾಲ್ಟೋಸ್ ಮೊದಲಾದ ಸಣ್ಣ ಸಕ್ಕರೆಗಳೂ ಉಂಟಾಗುತ್ತವೆ. ಕವಲಿನ ಗಂಟುಗಳನ್ನು ಮಾತ್ರ ಅದು ಬಿಚ್ಚಲಾರದು. ನಮ್ಮ ಜೊಲ್ಲಿನಲ್ಲಿಯೂ ಇದರ ಬಂಧುವೊಂದಿದೆ. ಜೋಳದ ರೊಟ್ಟಿಯನ್ನು ಅವಸರವಿಲ್ಲದೆ ಅಗಿಯುವವರು ಆ ಸಿಹಿಯನ್ನು ಬಲ್ಲರು.

ಹತ್ತಿಯ ನೂಲೂ ಗ್ಲೂಕೋಸಿನದೇ ಸರಪಳಿ. ಹಾಗಿದ್ದರೆ ಗಂಜಿಯೊಡನೆ ಬಟ್ಟೆಯೂ ಕರಗಬೇಡವೇ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಕೇಳಲೇಬೇಕು. ಎರಡರಲ್ಲಿಯೂ ಮಣಿ ಒಂದೇ, ಪೋಣಿಸಿದ ಬಗೆ ಬೇರೆ. ಪಿಷ್ಟದ ಕೊಂಡಿಗೆ ಹೊಂದುವ ಕೀಲಿ ಹತ್ತಿಯ ಕೊಂಡಿಗೆ ಹೊಂದದು. ಆಮ್ಲದಿಂದಲೂ ಗಂಜಿ ತೆಗೆಯಬಹುದು, ಆದರೆ ಆಮ್ಲಕ್ಕೆ ಈ ವಿವೇಕವಿಲ್ಲ, ನೂಲೂ ಸವೆಯುತ್ತದೆ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಮೊಳಕೆಯ ಬಾರ್ಲಿಯಲ್ಲಿ ಇಂಥ ಕಿಣ್ವವನ್ನು ಗುರುತಿಸಿದರು. ಬಟ್ಟೆಯ ಗಂಜಿ ತೆಗೆಯಲು ಬ್ಯಾಕ್ಟೀರಿಯಾದ ಕಿಣ್ವವನ್ನು 1917ರಲ್ಲಿ ಬಳಕೆಗೆ ತಂದವರು ಬೊಯ್ಡಿನ್ ಮತ್ತು ಎಫ್ರಂಟ್. ಸಾಮಾನ್ಯವಾಗಿ 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲಸ ನಡೆಯುತ್ತದೆ. ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನ ಕಿಣ್ವ 90 ಡಿಗ್ರಿಯನ್ನೂ ತಾಳುತ್ತದೆ. ಗಂಜಿ ಹೋಯಿತೋ ಇಲ್ಲವೋ ತಿಳಿಯಲು ತರಗತಿಯಲ್ಲಿ ಆಲೂಗೆಡ್ಡೆಯ ಮೇಲೆ ಹಾಕುತ್ತಿದ್ದ ಅದೇ ಅಯೋಡಿನ್ ಹನಿ ಸಾಕು. ಕಡುನೀಲಿಯಾದರೆ ಪಿಷ್ಟ ಉಳಿದಿದೆ.

ಬಟ್ಟೆಯಿಂದ ಹೋದ ಗಂಜಿ ಎಲ್ಲಿಗೆ ಹೋಯಿತು? ಸಕ್ಕರೆಯಾಗಿ ನೀರಿಗೆ. ಮನೆಯ ಗಂಜಿನೀರನ್ನು ಎಮ್ಮೆ ಕುಡಿದೀತು. ಬಣ್ಣ, ರಾಸಾಯನಿಕ ಬೆರೆತ ಈ ನೀರನ್ನು ಕುಡಿಯಲಾಗದು. ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಸಕ್ಕರೆ ತಿಂದು ಬೆಳೆವ ಅಸಂಖ್ಯ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರಿ, ಮೀನುಗಳು ಉಸಿರು ಕಟ್ಟಿ ಸಾಯುತ್ತವೆ. ಹಗರಿಯ ದಂಡೆಯ ನಮಗೆ ಇದು ದೂರದ ಮಾತಲ್ಲ. ಘಟಕದಲ್ಲಿಯೇ ಗಾಳಿಯೂದುವ ತೊಟ್ಟಿಗಳನ್ನಿಟ್ಟು, ಆ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳಿಗೇ ಉಣಿಸಿ ಮುಗಿಸಿ, ಬಳಿಕ ನೀರು ಬಿಡುವ ಕ್ರಮವಿದೆ. ನೀಲಿ ಬಣ್ಣ ಅದರಿಂದ ಪೂರ್ತಿ ಹೋಗದು; ಅದನ್ನು ಬೇರೆಯಾಗಿ ತೆಗೆಯಬೇಕು. ಈ ಕಸುಬಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಮ್ಮ ಘಟಕದ ತೊಟ್ಟಿಯನ್ನೊಮ್ಮೆ ನೋಡಿಬರಲಿ.