ಶೀತಲಪೆಟ್ಟಿಗೆಯ ಹಿಂಬದಿಯ ಧೂಳು

ಶೀತಲಪೆಟ್ಟಿಗೆಯು, ಎಂದರೆ ಜನರ ಬಾಯಿಮಾತಿನ ಫ್ರಿಜ್ಜು, ತಂಪನ್ನು ಹುಟ್ಟಿಸುವ ಯಂತ್ರವೆಂಬುದು ಲೋಕರೂಢಿಯ ತಿಳಿವಳಿಕೆ. ವಸ್ತುತಃ ಅದು ತನ್ನೊಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುವ ಸಾಧನ. ೧೮೩೪ರಲ್ಲಿ ಜೇಕಬ್ ಪರ್ಕಿನ್ಸ್ ಎಂಬಾತನು ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಯಂತ್ರದ ತತ್ತ್ವವೇ ಇಂದಿನ ಮನೆಬಳಕೆಯ ಫ್ರಿಜ್ಜುಗಳಲ್ಲಿಯೂ ನಡೆದುಬಂದಿದೆ. ಬೇಗನೆ ಆವಿಯಾಗುವ ದ್ರವವೊಂದು ಪೆಟ್ಟಿಗೆಯ ಒಳಗಿನ ಶಾಖವನ್ನು ಹೀರಿ ಆವಿಯಾಗುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿದಾಗ ಅದರ ಉಷ್ಣತೆ ಏರುತ್ತದೆ. ಬಳಿಕ ಅದು ಹೊರಗಿನ ಸುರುಳಿಕೊಳವೆಯಲ್ಲಿ ಹರಿಯುತ್ತ, ಶಾಖವನ್ನು ಕೋಣೆಯ ಗಾಳಿಗೆ ಒಪ್ಪಿಸಿ, ಮರಳಿ ದ್ರವವಾಗುತ್ತದೆ.

ಈ ಸುರುಳಿಯೇ ಶಾಖದ ನಿರ್ಗಮನದ್ವಾರ. ಧೂಳೂ ಅಡಿಗೆಯ ಜಿಡ್ಡೂ ಅದರ ಮೇಲೆ ನೆಲೆಸಿದರೆ ಕಂಬಳಿ ಹೊದಿಸಿದಂತಾಗುತ್ತದೆ. ಶಾಖ ಸರಾಗವಾಗಿ ಹೊರಬೀಳದೆ ಕಂಪ್ರೆಸರ್ ಹೆಚ್ಚು ಹೊತ್ತು ದುಡಿಯುತ್ತದೆ. ವಿದ್ಯುತ್ತಿನ ವೆಚ್ಚ ಏರುತ್ತದೆ. ಯಂತ್ರ ಬೇಗ ಸವೆಯುತ್ತದೆ. ಬೇಸಗೆಯಲ್ಲಿ ೪೦ ಡಿಗ್ರಿ ಸೆಲ್ಸಿಯಸ್ ಮೀರುವ ಕಲಬುರಗಿ, ರಾಯಚೂರುಗಳಂಥ ಬಿಸಿಲ ಸೀಮೆಯಲ್ಲಿ ಶಾಖ ಹೊರಹೋಗುವುದು ಮೊದಲೇ ಕಷ್ಟ. ಧೂಳು ಆ ಕಷ್ಟವನ್ನು ಬೆಳೆಸುತ್ತದೆ. ಹಾಲು ಕೆಟ್ಟರೆ ವಾಸನೆಯಿಂದ ತಿಳಿದೀತು. ಆದರೆ ೨ರಿಂದ ೮ ಡಿಗ್ರಿಯೊಳಗೆ ಕಾಪಿಡಬೇಕಾದ ಇನ್ಸುಲಿನ್ ಸತ್ತ್ವಗುಂದಿದರೆ ಕಣ್ಣಿಗೆ ಗೊತ್ತಾಗದೆಯೂ ಹೋಗಬಹುದು. ಅದರ ಫಲವನ್ನು ಉಣ್ಣುವವನು ರೋಗಿ.

ಶುಚಿಗೊಳಿಸುವ ಕ್ರಮ ಕಠಿಣವಲ್ಲ. ಮೊದಲು ಪ್ಲಗ್ಗನ್ನು ಕಿತ್ತಿಡಬೇಕು. ಸ್ವಿಚ್ಚು ಆರಿಸಿದ ಮಾತ್ರಕ್ಕೆ ಸಾಲದು. ಪೆಟ್ಟಿಗೆಯನ್ನು ವಾಲಿಸದೆ ಮೆಲ್ಲನೆ ಮುಂದಕ್ಕೆ ಸರಿಸಿ, ಸುರುಳಿಯ ಬಿಸಿ ಆರಿದ ಮೇಲೆ, ಒಣಗಿದ ಮೃದುವಾದ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಧೂಳನ್ನು ಬಿಡಿಸಬೇಕು. ನೀರನ್ನು ಚಿಮುಕಿಸಬಾರದು. ಚಾಕು, ತಂತಿಗಳಿಂದ ಕೆರೆಯಬಾರದು. ಕೊಳವೆ ತೂತಾದರೆ ಅನಿಲ ಸೋರಿಹೋಗುತ್ತದೆ. ಈಚಿನ ಅನೇಕ ಫ್ರಿಜ್ಜುಗಳಲ್ಲಿ ಬಳಸುವ ಐಸೊಬ್ಯೂಟೇನ್ ಬೆಂಕಿ ಹೊತ್ತಿಕೊಳ್ಳುವ ಅನಿಲವಾದುದರಿಂದ ಈ ಎಚ್ಚರ ಅತ್ಯಗತ್ಯ.

ಹೊಸ ಮಾದರಿಗಳು ಹಲವುಗಳಲ್ಲಿ ಸುರುಳಿ ಹೊರಗೆ ಕಾಣುವುದಿಲ್ಲ. ಪಕ್ಕದ ತಗಡಿನ ಒಳಮೈಗೆ ಅಂಟಿಕೊಂಡಿರುತ್ತದೆ. ಪಕ್ಕಗಳು ಬೆಚ್ಚಗಿರುವುದು ಇದೇ ಕಾರಣದಿಂದ. ಅಂಥವುಗಳಲ್ಲಿ ಸುರುಳಿಯನ್ನು ಉಜ್ಜುವ ಕೆಲಸವಿಲ್ಲ. ಗೋಡೆಗೂ ಪೆಟ್ಟಿಗೆಗೂ ನಡುವೆ ಗಾಳಿಯಾಡಲು ಎಡೆ ಬಿಡಬೇಕು, ಪಕ್ಕಗಳ ಮೇಲೆ ಬಟ್ಟೆ ಇಳಿಬಿಡಬಾರದು.

ಯುಗಾದಿಗೂ ದೀಪಾವಳಿಗೂ ಮನೆಯ ಮೂಲೆಮೂಲೆಯನ್ನು ಗುಡಿಸಿ ಸಾರಿಸುವ ಪದ್ಧತಿ ನಾಡಿನಲ್ಲಿದೆ. ಎದುರಿನ ಬಾಗಿಲನ್ನು ಒರೆಸಿ ಹೊಳಪೇರಿಸುವ ಕೈ, ಆ ಎರಡು ದಿನಗಳಲ್ಲಾದರೂ ಹಿಂಬದಿಗೆ ತಿರುಗಿದರೆ ಯಂತ್ರವೂ ಬಾಳುತ್ತದೆ, ಅದನ್ನು ನಂಬಿ ಇರಿಸಿದ ಅನ್ನೌಷಧಗಳೂ ಉಳಿಯುತ್ತವೆ.