ಗುಂಡು ತಗುಲಿದ ಕಡವೆ ಹಾರಿ ಬೀಳುವುದಿಲ್ಲ

ಶಂಕರಘಟ್ಟದ ಸುತ್ತಮುತ್ತ ನಾಲ್ಕು ಜನ ಹಿರಿಯರು ಸೇರಿದರೆ ಶಿಕಾರಿಯ ಮಾತು ಬಂದೇ ಬರುತ್ತದೆ. ಭದ್ರಾ ಕಾಡು ಪಕ್ಕದಲ್ಲೇ ಇದೆ, ಅಪ್ಪ ಅಜ್ಜಂದಿರ ಕಾಲದ ಕೋವಿಯ ಕಥೆಗಳು ಇನ್ನೂ ಮಾಸಿಲ್ಲ. ಆ ಕಥೆಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎಲ್ಲ ಕಥೆಗಳಲ್ಲೂ ತಪ್ಪದೆ ಬರುವ ಒಂದು ಮಾತು ಕೇಳಿ ಕೇಳಿ ರೋಸಿಹೋಗಿದೆ: "ಹನ್ನೆರಡು ಬೋರಿನ ಗುಂಡು ಕಣ್ರೀ, ಎಲ್ಲಿ ತಗುಲಿದ್ರೂ ಸರಿ, ಕಡ ಹತ್ತಡಿ ಹಿಂದಕ್ಕೆ ಹಾರಿ ಬಿತ್ತು." ಗುಂಡು ದಪ್ಪವಾದಷ್ಟೂ ಮಿಗ ಅಲ್ಲೇ ಬೀಳುತ್ತದೆ ಎಂಬ ನಂಬಿಕೆ ಇದರ ಬುಡದಲ್ಲಿದೆ. ಇದು ಶುದ್ಧ ಸುಳ್ಳು.

ಲೆಕ್ಕ ಹಾಕಿ ನೋಡಿ. ಹನ್ನೆರಡು ಬೋರಿನ ಒಂಟಿ ಗುಂಡಿನ ತೂಕ ಸುಮಾರು 28 ಗ್ರಾಂ, ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 450 ಮೀಟರ್. ಅದು ತನ್ನೆಲ್ಲ ನೂಕುಬಲವನ್ನೂ 200 ಕಿಲೋ ತೂಗುವ ಗಂಡು ಕಡವೆಗೆ ಕೊಟ್ಟಿತು ಅಂತಲೇ ಇಟ್ಟುಕೊಳ್ಳಿ. ಆಗ ಕಡವೆಗೆ ಸಿಗುವ ವೇಗ ಸೆಕೆಂಡಿಗೆ 6 ಸೆಂಟಿಮೀಟರ್. ಅಂಬೆಗಾಲಿಡುವ ಮಗು ಅದಕ್ಕಿಂತ ಜೋರಾಗಿ ಹೋಗುತ್ತದೆ. ಲೆಕ್ಕ ಬೇಡವೆಂದರೆ ಈಡು ಹೊಡೆದವನ ಭುಜವನ್ನೇ ಕೇಳಿ. ಗುಂಡು ಮುಂದಕ್ಕೆ ಹೋಗುವಾಗ ಕೋವಿ ಅಷ್ಟೇ ಬಲದಿಂದ ಹಿಂದಕ್ಕೆ ಒದೆಯುತ್ತದೆ. ಅರವತ್ತು ಕಿಲೋದ ಮನುಷ್ಯ ಆ ಒದೆತ ತಿಂದೂ ನಿಂತಲ್ಲೇ ನಿಂತಿರುತ್ತಾನೆ. ಅದರ ಮೂರು ಪಟ್ಟು ತೂಗುವ ಕಡವೆ ಮಾತ್ರ ಹತ್ತಡಿ ಹಾರುವುದು ಹೇಗೆ? ಒಂಬತ್ತನೇ ತರಗತಿಯ ಮಕ್ಕಳು ಓದುವ ನಿಯಮವಿದು. ಸಿನಿಮಾದಲ್ಲಿ ಖಳನಾಯಕ ಹಾರಿ ಬೀಳುವುದು ಸೊಂಟಕ್ಕೆ ಹಗ್ಗ ಕಟ್ಟಿ ಎಳೆಯುವುದರಿಂದ.

ಹಾಗಾದರೆ ಮಿಗ ಸಾಯುವುದು ಯಾವುದರಿಂದ? ರಕ್ತ ಸೋರಿ, ಮೆದುಳಿಗೆ ಆಮ್ಲಜನಕ ನಿಂತುಹೋಗುವುದರಿಂದ. ಗುಂಡಿಗೆಯೇ ಒಡೆದುಹೋದರೂ ಮೆದುಳಿನಲ್ಲಿ ಇನ್ನೂ ಹತ್ತು ಸೆಕೆಂಡಿಗೆ ಸಾಲುವಷ್ಟು ಆಮ್ಲಜನಕ ಉಳಿದಿರುತ್ತದೆ. ಅಷ್ಟರಲ್ಲಿ ಜಿಂಕೆ ನೂರು ಮೀಟರ್ ಓಡಬಲ್ಲದು. ನಿಂತಲ್ಲೇ ಕುಸಿಯುವುದು ಮೆದುಳಿಗೋ ಬೆನ್ನುಹುರಿಗೋ ಪೆಟ್ಟು ಬಿದ್ದಾಗ ಮಾತ್ರ. ಆಗಲೂ ಅದು ಕುಸಿಯುತ್ತದೆಯೇ ಹೊರತು ಹಾರುವುದಿಲ್ಲ.

ಹರಟೆಯ ಸುಳ್ಳಿಗೆ ಇಷ್ಟು ಸಿಟ್ಟೇಕೆ ಎಂದು ಕೇಳಬಹುದು. ಈ ಸುಳ್ಳಿನ ಬೆನ್ನಿಗೆ ಇನ್ನೊಂದು ಅಂಟಿಕೊಂಡಿದೆ: "ಓಡಿತು ಅಂದ್ರೆ ತಗುಲಲಿಲ್ಲ ಅಂತ." ಕತ್ತಲಲ್ಲಿ ಗದ್ದೆಯಂಚಿನಲ್ಲಿ ಮರಸು ಕೂತವನು ಈಡು ಹೊಡೆಯುತ್ತಾನೆ, ಹಂದಿ ಓಡುತ್ತದೆ, ಗುರಿ ತಪ್ಪಿತೆಂದು ಅವನು ಮನೆಗೆ ಹೋಗಿ ಮಲಗುತ್ತಾನೆ. ಗುಂಡು ಹೊಟ್ಟೆಯಲ್ಲಿ ಹೊಕ್ಕಿರುತ್ತದೆ. ಕರುಳಿಗೆ ಪೆಟ್ಟು ಬಿದ್ದ ಪ್ರಾಣಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಹಳುವಿನಲ್ಲಿ ನರಳಿ ಸಾಯುತ್ತದೆ. ಕೇಪಿನ ಕೋವಿಗೆ ಚರೆ, ಸೈಕಲ್ ಬಾಲ್ಸು, ಕಬ್ಬಿಣದ ಚೂರು ತುಂಬಿ, ಎಲ್ಲಿ ತಗುಲಿದರೂ ಬೀಳುತ್ತದೆಂದು ಹೊಡೆಯುವವರ ಕೈಗೆ ಧೈರ್ಯ ಕೊಡುವುದು ಇದೇ ನಂಬಿಕೆ.

ದಪ್ಪ ಗುಂಡಿನ ಮಹಿಮೆ ಹೇಳುವವರು ಕೆನೆತ್ ಆಂಡರ್ಸನ್ ಹೆಸರು ಎತ್ತುತ್ತಾರೆ. ತೇಜಸ್ವಿಯವರ 'ಕಾಡಿನ ಕಥೆಗಳು' ಮೂಲಕ ಮಲೆನಾಡಿನ ಮನೆಮನೆಗೂ ಬಂದವನು ಆತ. ಅವನ ನೆಚ್ಚಿನ ಪಾಯಿಂಟ್ 405 ವಿಂಚೆಸ್ಟರ್ ರೈಫಲ್ಲಿನ ಗುಂಡು ಹತ್ತು ಮಿಲಿಮೀಟರ್ ದಪ್ಪ, ಹತ್ತೊಂಬತ್ತು ಗ್ರಾಂ ತೂಕ. ಅದೇ ಕಥೆಗಳಲ್ಲಿ ಗುಂಡು ತಿಂದ ಪ್ರಾಣಿ ಪೊದೆ ಹೊಕ್ಕು, ಅವನು ಜೀವ ಕೈಯಲ್ಲಿ ಹಿಡಿದು ರಕ್ತದ ಜಾಡು ಹಿಡಿದು ಹೋಗುವುದನ್ನು ಓದಿದ ಮೇಲೂ ಈ ನಂಬಿಕೆ ಹೇಗೆ ಉಳಿಯುತ್ತದೋ! ಜಿಮ್ ಕಾರ್ಬೆಟ್ಟನ ಹೆಸರಾಂತ ರೈಫಲ್ಲು ಪಾಯಿಂಟ್ 275 ರಿಗ್ಬಿ, ಅಂದರೆ ಏಳು ಮಿಲಿಮೀಟರಿನದು. ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಕೊಂದ ಬೆಲ್ ಎಂಬಾತ ಅವುಗಳಲ್ಲಿ ಹೆಚ್ಚಿನವನ್ನು ಕೊಂದದ್ದೂ ಅದೇ ಏಳು ಮಿಲಿಮೀಟರಿನ ತೋಟಾದಿಂದ. ಅವನು ಆನೆಯ ತಲೆಬುರುಡೆಯನ್ನು ಸೀಳಿ ನೋಡಿ, ಮೆದುಳು ಎಲ್ಲಿದೆಯೆಂದು ತಿಳಿದುಕೊಂಡವನು. ಅಷ್ಟು ಕೊಂದದ್ದನ್ನು ನಾನು ಮೆಚ್ಚುತ್ತಿಲ್ಲ. ಗುಂಡಿನ ಗಾತ್ರ ಅಲ್ಲಿ ಮುಖ್ಯವಾಗಿರಲಿಲ್ಲ ಎನ್ನುವುದಷ್ಟೇ ಮಾತು.

ಗುಂಡಿನಲ್ಲಿ ನಿಜಕ್ಕೂ ನೋಡಬೇಕಾದ್ದು ಅದರ ಮೂತಿ. ಪೂರ್ತಿ ಲೋಹ ಹೊದಿಸಿದ ಗಟ್ಟಿ ಗುಂಡು ಜಿಂಕೆಯಂಥ ಪ್ರಾಣಿಯಲ್ಲಿ ಸಣ್ಣ ತೂತು ಕೊರೆದು ಆಚೆ ಹೊರಟುಹೋಗುತ್ತದೆ. ಸೀಸದ ಮೂತಿ ಬಿಟ್ಟ ಮೆದು ಗುಂಡು ಒಳಗೆ ಅರಳಿ, ಅಗಲ ಗಾಯ ಮಾಡಿ, ಬೇಗ ಕೊಲ್ಲುತ್ತದೆ. ಇಂಥ ಅರಳುವ ಗುಂಡಿಗೆ ಹೆಸರು ಬಂದದ್ದು ಕಲ್ಕತ್ತದ ಪಕ್ಕದ ಡಮ್‌ಡಮ್ ಕಾರ್ಖಾನೆಯಿಂದ. 1899ರ ಹೇಗ್ ಘೋಷಣೆ ಅದನ್ನು ಯುದ್ಧದಲ್ಲಿ ಬಳಸಬಾರದೆಂದಿತು. ಹಾಗಾಗಿ ಬೇಟೆಯಲ್ಲೂ ಅದು ನಿಷಿದ್ಧ ಎಂದು ನಂಬಿದವರಿದ್ದಾರೆ. ಸಂಗತಿ ತಿರುವುಮುರುವು. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆಯ ಪ್ರಕಾರ ಜಿಂಕೆಗೆ ಮೆದು ಮೂತಿಯ ಅಥವಾ ಟೊಳ್ಳು ಮೂತಿಯ ಗುಂಡೇ ಆಗಬೇಕು, ಪ್ರಾಣಿ ನರಳಬಾರದೆಂಬ ಕಾರಣಕ್ಕೆ.

ಕೋವಿಯ ಬಗ್ಗೆ ಇಂಥ ತಪ್ಪು ನಂಬಿಕೆಗಳು ಇನ್ನೂ ಇವೆ. ಹದಿನಾರು ಬೋರು ಹನ್ನೆರಡಕ್ಕಿಂತ ದೊಡ್ಡದಲ್ಲ, ಚಿಕ್ಕದು. ಒಂದು ಪೌಂಡ್ ಸೀಸದಲ್ಲಿ ಎಷ್ಟು ಗುಂಡು ಆಗುತ್ತವೆ ಎಂಬುದೇ ಆ ಸಂಖ್ಯೆ. ಮದ್ದು ಎರಡು ಪಟ್ಟು ತುಂಬಿದರೆ ಗುಂಡು ಎರಡು ಪಟ್ಟು ದೂರ ಹೋಗುವುದಿಲ್ಲ, ನಳಿಗೆ ಸಿಡಿದು ಕೈ ಹೋಗಬಹುದು. ಗಾಯದ ಸುತ್ತ ಕೊಯ್ದು ಎಸೆದರೆ ಮಾಂಸದಲ್ಲಿ ಸೀಸ ಉಳಿಯದು ಎನ್ನುವುದೂ ತಪ್ಪು, ಕಣ್ಣಿಗೆ ಕಾಣದ ಚೂರುಗಳು ಗಾಯದಿಂದ ಬಹಳ ದೂರಕ್ಕೆ ಚದುರಿರುತ್ತವೆ. ಡೆನ್ಮಾರ್ಕ್ 2024ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಲ್ಲಿಸಿದೆ.

ನಮ್ಮಲ್ಲಿ ಕಣ್ಣಾರೆ ಕಂಡ ಲೆಕ್ಕಕ್ಕಿಂತ ಯಾರೋ ಹೇಳಿದ ಮಾತಿಗೆ ಬೆಲೆ ಜಾಸ್ತಿ. ಹುಲಿ ಉಗುರು ಕೊರಳಲ್ಲಿದ್ದರೆ ಧೈರ್ಯ ಬರುತ್ತದೆ, ಎರಡು ತಲೆ ಹಾವು ಮನೆಗೆ ಬಂದರೆ ಹಣ ಬರುತ್ತದೆ, ಚಿಪ್ಪುಹಂದಿಯ ಚಿಪ್ಪು ಔಷಧ! ಪ್ರತಿಯೊಂದು ನಂಬಿಕೆಗೂ ಬೆಲೆ ತೆರುತ್ತಿರುವುದು ಕಾಡಿನ ಒಂದು ಜೀವ. ಓದು ಬರಹ ಬಲ್ಲವರೇ ಇದನ್ನು ಹರಡುವುದು ನೋಡಿದರೆ ಸಂಕಟವಾಗುತ್ತದೆ. ವಿಶ್ವವಿದ್ಯಾಲಯವೊಂದು ಇಲ್ಲೇ ಕಾಡಿನಂಚಿನಲ್ಲಿದ್ದೂ ನಮ್ಮ ಮಾತುಕತೆ ಹೀಗಿದೆ.

ಕೋವಿಗೆ ಲೈಸೆನ್ಸ್ ಇದೆಯಲ್ಲ, ಬೆಳೆಗೆ ಬಂದ ಹಂದಿ ಹೊಡೆಯಬಹುದು ಎನ್ನುವವರಿಗೆ ಕೊನೆಯ ಮಾತು. ಲೈಸೆನ್ಸ್ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ. ಪ್ರಾಣಿ ಕೊಲ್ಲಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬೇರೆಯೇ ಅನುಮತಿ ಬೇಕು. ಭದ್ರಾ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅದರೊಳಗೆ ಬೇಟೆಯಾಡಿದ್ದು ಸಾಬೀತಾದರೆ ಕನಿಷ್ಠ ಮೂರು ವರ್ಷ ಜೈಲು. ಬೆಳೆ ಹಾಳಾಗಿದ್ದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಗುಂಡು ತಿಂದು ಕುಂಟುತ್ತಿರುವ ಮಿಗ ಕಣ್ಣಿಗೆ ಬಿದ್ದರೆ ದಯವಿಟ್ಟು ಅಟ್ಟಿಸಿಕೊಂಡು ಹೋಗಬೇಡಿ, ಅಂದೇ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.